ಕಾಯಿಲ್ ಒಳಗಿನ ಕತ್ತಿ: ಕಾಗದದ ಲೆಕ್ಕ, ಫೆಮ್, ಎಲ್ಮರ್ ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮೂರು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಮನೆ ಪಕ್ಕದಲ್ಲೇ ಆಚಾರ್ರ ಕುಲುಮೆ. ಅಡಿಕೆ ಕೊನೆ ಕೊಯ್ಲು ಹತ್ತಿರ ಬಂದರೆ ಸಾಕು, ಉದ್ದನೆ ಗಳದ ತುದಿಗೆ ಕಟ್ಟುವ ದೋಟಿಯ ಕತ್ತಿ, ಮೆಟ್ಟುಗತ್ತಿ ಹಿಡಿದುಕೊಂಡು ಜನ ಅಲ್ಲಿಗೆ ಬರುತ್ತಾರೆ. ಕತ್ತಿ ಮಾಡುವುದು ಲಾರಿ ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಯ, ಉಕ್ಕಿನಿಂದ. ಬಡಿದು ತೆಳ್ಳಗೆ ಮಾಡಿ, ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ ಹದ ಕೊಡುತ್ತಾರೆ. ಆದರೆ ಇದ್ದಿಲು ಹೊಂದಿಸುವುದೇ ಈಗ ದೊಡ್ಡ ಕೆಲಸ. ಹೋದ ಮಳೆಗಾಲದಲ್ಲಿ ಆಚಾರ್ರು ಕೇಳಿದರು: "ನೀನು ಫೌಂಡ್ರೀಲಿ ಇದ್ದೋನು. ಅಲ್ಲಿ ಕರೆಂಟಲ್ಲೇ ಕಬ್ಬಿಣ ಕರಗಿಸ್ತಾರೆ ಅಂತೀಯ. ಒಂದು ಕತ್ತಿ ಕಾಯ್ಸೋಕೆ ಆಗಲ್ವಾ?"

ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಇಂಡಕ್ಷನ್ ಕುಲುಮೆಯ ಮುಂದೆ ನಿಂತು ಎಷ್ಟೋ ಟನ್ ಕಬ್ಬಿಣ ಕರಗಿದ್ದನ್ನು ನೋಡಿದ್ದೇನೆ. ಆದರೆ ಅಲ್ಲಿ ಕಾಯಿಲ್ ಹೇಗಿರಬೇಕು ಅಂತ ತೀರ್ಮಾನ ಮಾಡುವವರು ಬೇರೆಯವರು. ಇಲ್ಲಿ ಅದನ್ನು ನಾನೇ ಮಾಡಬೇಕಿತ್ತು. ಒಂದು ಚಿಕ್ಕ ಇಂಡಕ್ಷನ್ ಬೋರ್ಡ್ ತರಿಸಿದೆ. 24 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ. 0.33 ಮೈಕ್ರೋಫ್ಯಾರಡ್‌ನ ಆರು ಕೆಪಾಸಿಟರ್ ಇವೆ. 6 ಮಿಮೀ ತಾಮ್ರದ ಕೊಳವೆಯಿಂದ ಏಳು ಸುತ್ತಿನ ಕಾಯಿಲ್ ಸುತ್ತಿದೆ. ಒಳಗಿನ ವ್ಯಾಸ 40 ಮಿಮೀ, ಉದ್ದ ಸುಮಾರು 56 ಮಿಮೀ. ಕೊಳವೆಯೊಳಗೆ ನೀರು ಹರಿಸಲು ಒಂದು ಸಣ್ಣ ಪಂಪ್. ಖಾಲಿ ಕಾಯಿಲ್ 98 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿತ್ತು, ಅಂದರೆ ಕರೆಂಟ್ ಸೆಕೆಂಡಿಗೆ 98 ಸಾವಿರ ಸಲ ಹಿಂದೆ ಮುಂದೆ.

ಮೊದಲ ಕತ್ತಿ ಇಟ್ಟಾಗ ಆದದ್ದನ್ನು ಇಲ್ಲೇ ಹೇಳುತ್ತೇನೆ. ಈ ಹೋಲಿಕೆಗೆಲ್ಲ ಅದೇ ಕಾರಣ. ಬಾಯಿಯ ಕಡೆ, ಅಂದರೆ ತೆಳ್ಳಗಿನ ಅಂಚು, ಬೇಗ ಬೇಗ ಕಾದು ಮಬ್ಬು ಕೆಂಪಾಯಿತು. ಆಮೇಲೆ ಅಲ್ಲೇ ನಿಂತುಬಿಟ್ಟಿತು. ಬೆನ್ನಿನ ಕಡೆ ಮಾತ್ರ ಕಾಯುತ್ತಲೇ ಹೋಯಿತು. ಹದ ಬೇಕಾದದ್ದು ಬಾಯಿಗೆ, ಕಾದದ್ದು ಬೆನ್ನು. ಕಾಯಿಲ್ ಬದಲಾಯಿಸಿ ನೋಡಿದೆ. ಎರಡು ಮೀಟರ್ ತಾಮ್ರದ ಕೊಳವೆ ಹಾಳಾಯಿತು. ಆಗ ಅನ್ನಿಸಿತು, ಮೊದಲು ಕಂಪ್ಯೂಟರ್‌ನಲ್ಲಿ ನೋಡೋಣ, ಆಮೇಲೆ ಕೊಳವೆ ಬಗ್ಗಿಸೋಣ.

ಕಾಯಿಲ್‌ನಲ್ಲಿ ಕರೆಂಟ್ ಹಿಂದೆ ಮುಂದೆ ಓಡಿದರೆ ಅದರೊಳಗಿನ ಕಾಂತಕ್ಷೇತ್ರವೂ ಹಾಗೇ ಬದಲಾಗುತ್ತದೆ. ಬದಲಾಗುವ ಕ್ಷೇತ್ರದಲ್ಲಿ ಲೋಹ ಇದ್ದರೆ ಅದರೊಳಗೆ ಕರೆಂಟ್ ತಾನಾಗಿ ಸುತ್ತುತ್ತದೆ. ಇದೇ ಎಡ್ಡಿ ಕರೆಂಟ್, ಕನ್ನಡದಲ್ಲಿ ಸುಳಿ ಪ್ರವಾಹ. ತುಂಗೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವುದನ್ನು ನೋಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಬದಲಾಗುವ ಕ್ಷೇತ್ರ ಕರೆಂಟ್ ಹುಟ್ಟಿಸುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದ. ಅಯಸ್ಕಾಂತದ ನಡುವೆ ತಿರುಗುವ ತಾಮ್ರದ ತಟ್ಟೆ ಬಿಸಿಯಾಗುತ್ತದೆ ಎಂದು 1855ರಲ್ಲಿ ಫೂಕೋ ಕಂಡ. ಆ ಬಿಸಿಯೇ ನಮಗೆ ಬೇಕಾದದ್ದು.

ಮೂರು ದಾರಿ ಹಿಡಿದು ನೋಡಿದೆ. ಒಂದು, ಕಾಗದದ ಸೂತ್ರ, ಜೊತೆಗೆ ಅರ್ಧ ಪುಟದ ಪೈಥಾನ್ ಪ್ರೋಗ್ರಾಂ. ಎರಡು, ಕಾಂತಕ್ಷೇತ್ರದ ಲೆಕ್ಕ ಹಾಕುವ ಸಾಫ್ಟ್‌ವೇರ್, ಡೇವಿಡ್ ಮೀಕರ್ ಬರೆದ ಎಫ್‌ಇಎಂಎಂ, ಎಲ್ಲರೂ ಫೆಮ್ ಅನ್ನುವುದು. ಮೂರು, ಫಿನ್‌ಲ್ಯಾಂಡ್‌ನ ಕಂಪ್ಯೂಟರ್ ಕೇಂದ್ರ ಸಿಎಸ್‌ಸಿ ಬೆಳೆಸಿರುವ ಎಲ್ಮರ್, ಅದೂ ಇಂಥದೇ ಸಾಫ್ಟ್‌ವೇರ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಕಾಮ್ಸಾಲ್, ಆನ್ಸಿಸ್ ತರಹದ್ದು ಒಬ್ಬನೇ ಮನೆಯಲ್ಲಿ ಕೂತು ಮಾಡುವವನಿಗೆ ಎಟುಕುವ ಬೆಲೆಯಲ್ಲ. ಹಾಗಾಗಿ ಅವುಗಳ ಮಾತು ಇಲ್ಲಿ ಇಲ್ಲ.

ಒಂದೇ ತಕ್ಕಡಿ

ನೇರವಾಗಿ ಕತ್ತಿಯಿಂದ ಶುರು ಮಾಡಿದರೆ ಯಾವುದು ಸರಿ ಅಂತ ಗೊತ್ತಾಗುವುದಿಲ್ಲ. ಉಕ್ಕಿನ ಗುಣ ಬಿಸಿಗೆ ಬದಲಾಗುತ್ತದೆ, ಕ್ಷೇತ್ರದ ಬಲಕ್ಕೂ ಬದಲಾಗುತ್ತದೆ. ಅದಕ್ಕೆ ಮೊದಲು ಅಲ್ಯುಮಿನಿಯಂ ತಗೊಂಡೆ. 16 ಮಿಮೀ ದಪ್ಪ, 50 ಮಿಮೀ ಉದ್ದದ ಸರಳು. ತೂಕ 27 ಗ್ರಾಂ. ತುದಿಯಲ್ಲಿ ಸಣ್ಣ ತೂತು ಕೊರೆದೆ. ಬೋರ್ಡ್ ಚಾಲೂ ಮಾಡಿ, 20 ಸೆಕೆಂಡ್ ಆದ ಮೇಲೆ ಆರಿಸಿ, ತೂತಿಗೆ ಥರ್ಮೋಕಪಲ್ ಇಟ್ಟು ಬಿಸಿ ನೋಡಿದೆ. ಚಾಲೂ ಇದ್ದಾಗ ಇಡಬಾರದು. ಆ ತಂತಿಯಲ್ಲೂ ಕರೆಂಟ್ ಹುಟ್ಟಿ ಓದು ಹುಚ್ಚುಹುಚ್ಚಾಗಿ ಬರುತ್ತದೆ. ಅಂದಹಾಗೆ, ಕಾಯಿಲ್ ಹತ್ತಿರ ಕೈ ತರುವ ಮೊದಲು ಬೆರಳಿನ ಉಂಗುರ ತೆಗೆದಿಡಿ. ಅದೂ ಒಂದು ಸುತ್ತಿನ ಲೋಹವೇ.

ಹಲವು ಸಲ ಮಾಡಿದಾಗ 20 ಸೆಕೆಂಡಿಗೆ ಸರಾಸರಿ 8 ಡಿಗ್ರಿ ಏರಿತು. ಅಲ್ಯುಮಿನಿಯಂ ಒಂದು ಗ್ರಾಂ ಒಂದು ಡಿಗ್ರಿ ಏರಲು 0.9 ಜೂಲ್ ಬೇಕು. ಲೆಕ್ಕ ಹಾಕಿದರೆ ಸರಳಿಗೆ ಇಳಿಯುತ್ತಿದ್ದದ್ದು ಹತ್ತಿರ ಹತ್ತಿರ 10 ವಾಟ್. ಕಾಯಿಲ್‌ನ ಕರೆಂಟ್ ಅಳೆಯಲು ಫೆರೈಟ್ ಉಂಗುರಕ್ಕೆ ತಂತಿ ಸುತ್ತಿ, ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್‌ಗೆ ಕೊಟ್ಟೆ. 65 ಆಂಪ್ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಒಂದು ಬಗೆಯ ಸರಾಸರಿ), ಅಂದರೆ ಶಿಖರದಲ್ಲಿ 92 ಆಂಪ್.

ಈ 10 ವಾಟ್ ನನ್ನ ತಕ್ಕಡಿ. ಮೂರೂ ದಾರಿ ಇದರ ಹತ್ತಿರ ಬರಬೇಕು.

ಕಾಗದದ ಲೆಕ್ಕ

ಇಲ್ಲಿ ಎಲ್ಲವೂ ನಿಂತಿರುವುದು ಒಂದು ಅಳತೆಯ ಮೇಲೆ, ಸ್ಕಿನ್ ಡೆಪ್ತ್. ಕರೆಂಟ್ ಲೋಹದ ತುಂಬ ಹರಡುವುದಿಲ್ಲ. ಹೊರಚರ್ಮದಲ್ಲೇ ಓಡುತ್ತದೆ. ಚರ್ಮ ಎಷ್ಟು ದಪ್ಪ ಅನ್ನುವುದು ಲೋಹದ ರೋಧಕತೆ, ಕಾಂತಗುಣ ಮತ್ತು ಫ್ರೀಕ್ವೆನ್ಸಿಯಿಂದ ಬರುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ತಾಮ್ರಕ್ಕೆ ಸುಮಾರು 0.2 ಮಿಮೀ. ನನ್ನ ಅಲ್ಯುಮಿನಿಯಂ ಸರಳಿಗೆ 0.28 ಮಿಮೀ. ಕ್ಯಾಲ್ಕುಲೇಟರ್ ಹಿಡಿದರೆ ಎರಡು ನಿಮಿಷದ ಕೆಲಸ.

ಉದ್ದನೆ ಕಾಯಿಲ್‌ನ ಸೂತ್ರ ಹಾಕಿದೆ. ಸುತ್ತು ಗುಣಿಸು ಕರೆಂಟ್, ಭಾಗಿಸು ಉದ್ದ, ಅದು ಕ್ಷೇತ್ರ. ಅದರಿಂದ ಸರಳಿನ ಬಿಸಿ ಲೆಕ್ಕ ಹಾಕಿದೆ. 18.6 ವಾಟ್ ಬಂತು. ಸುಮಾರು ದುಪ್ಪಟ್ಟು! ತಪ್ಪು ಎಲ್ಲಿ ಅಂದರೆ ನನ್ನ ಕಾಯಿಲ್ ಉದ್ದನೆಯದಲ್ಲ, ಮೊಂಡು. ಮೊಂಡು ಕಾಯಿಲ್‌ನ ನಡುವಿನಲ್ಲಿ ಕ್ಷೇತ್ರ ಕಡಿಮೆ, ತುದಿಗಳಲ್ಲಿ ಇನ್ನೂ ಕಡಿಮೆ. ನಡುವಿನ ತಿದ್ದುಪಡಿ ಸೇರಿಸಿದರೆ 11 ವಾಟ್. ಆಗ ನಿಜಕ್ಕೆ ಹತ್ತಿರ.

ಹಾಗಾಗಿ ಕಾಗದದ ಲೆಕ್ಕವನ್ನು ಹಗುರ ಮಾಡಬೇಡಿ. ಸರಳಿನ ಒಳಗೆ ಕರೆಂಟ್ ಹೇಗೆ ಇಳಿಯುತ್ತದೆ ಅಂತ ನೋಡಬೇಕಾದರೆ ಪೈಥಾನ್‌ನ ಸೈಪೈ ಅನ್ನುವ ಗಣಿತದ ಕಟ್ಟಿನೊಳಗಿನ ಬೆಸೆಲ್ ಫಂಕ್ಷನ್, ಅಂದರೆ ದುಂಡು ಆಕಾರದ ಲೆಕ್ಕಕ್ಕೆ ಬರುವ ಸೂತ್ರ, ಸಾಕು. ಹತ್ತು ಹದಿನೈದು ಸಾಲು. ಅದರ ಸೋಲು ಇರುವುದು ತುದಿಗಳಲ್ಲಿ ಮತ್ತು ಕಾಯಿಲ್‌ನಲ್ಲಿ. ಕಾಯಿಲ್ ಎಷ್ಟು ಬಿಸಿಯಾಗುತ್ತದೆ ಅಂತ ಅದು ಸರಿಯಾಗಿ ಹೇಳಲಿಲ್ಲ. ಕೊಳವೆಯ ಸುತ್ತ ಎಲ್ಲ ಕಡೆ ಕರೆಂಟ್ ಒಂದೇ ಸಮ ಓಡುತ್ತದೆ ಅಂತ ಅಂದುಕೊಂಡಿದ್ದೆ. ಹಾಗಿಲ್ಲ ಅಂತ ಗೊತ್ತಾದದ್ದು ಫೆಮ್‌ನಲ್ಲಿ.

ಫೆಮ್: ಒಂದು ಸಂಜೆಯ ಕೆಲಸ

ಫೆಮ್ ಎರಡು ಆಯಾಮದ್ದು. ಚಪ್ಪಟೆ ಸಮಸ್ಯೆ ಅಥವಾ ಅಕ್ಷದ ಸುತ್ತ ತಿರುಗಿಸಿದರೆ ಬರುವ ದುಂಡು ಸಮಸ್ಯೆ, ಇವೆರಡೇ. ದುಂಡು ಸರಳು, ದುಂಡು ಕಾಯಿಲ್‌ಗೆ ಇದಕ್ಕಿಂತ ಸುಲಭದ್ದು ನಾನು ನೋಡಿಲ್ಲ. ಅರ್ಧ ಸೀಳು ಬರೆದರೆ ಸಾಕು. ಸರಳು ಒಂದು ಆಯತ, ಏಳು ಸುತ್ತು ಏಳು ಬಳೆ. ವಿಂಡೋಸ್‌ಗೆ ಮಾಡಿದ್ದಾದರೂ ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈನ್ ಅನ್ನುವ ಪ್ರೋಗ್ರಾಂ ಮೂಲಕ ಚೆನ್ನಾಗಿ ಓಡಿತು. ಸುತ್ತಲಿನ ಗಾಳಿಗೆ ಎಲ್ಲಿ ಬೇಲಿ ಹಾಕಬೇಕು ಅನ್ನುವ ತಲೆನೋವಿಗೂ ಅದರಲ್ಲೇ ಒಂದು ಬಟನ್ ಇದೆ. ಸುತ್ತ ಚಿಪ್ಪಿನ ಹಾಗೆ ಪದರ ಪದರ ಕಟ್ಟಿ, ದೂರದವರೆಗೆ ಬಯಲು ಇದ್ದಂತೆ ಮಾಡಿಕೊಡುತ್ತದೆ.

ಮೊದಲ ಉತ್ತರ 5.2 ವಾಟ್. ಅಳತೆಯ ಅರ್ಧ. ಒಂದು ಇಡೀ ದಿನ ಇದರಲ್ಲಿ ಹೋಯಿತು. ವಾಹಕತೆ ನೋಡಿದೆ. ಫೆಮ್ ಅದನ್ನು ಮೀಟರಿಗೆ ಮೆಗಾಸೀಮೆನ್ಸ್‌ನಲ್ಲಿ ಕೇಳುತ್ತದೆ, 31 ಅಂತ ಸರಿಯಾಗೇ ಕೊಟ್ಟಿದ್ದೆ. ಸುತ್ತುಗಳ ಸಂಖ್ಯೆ ಸರಿ. ಕೊನೆಗೆ ಸಿಕ್ಕಿತು. ಫೆಮ್‌ಗೆ ಬೇಕಾದದ್ದು ಶಿಖರದ ಕರೆಂಟ್, ನಾನು ಕೊಟ್ಟದ್ದು ಆರ್‌ಎಂಎಸ್. 65ರ ಬದಲು 92 ಹಾಕಿದೆ. 10.4 ವಾಟ್. ಆ ಸಂಖ್ಯೆ ಪರದೆಯ ಮೇಲೆ ಬಂದಾಗ ಆದ ಖುಷಿ ಇನ್ನೂ ನೆನಪಿದೆ. ಶಕ್ತಿ ಕರೆಂಟಿನ ವರ್ಗದ ಜೊತೆ ಹೋಗುತ್ತದೆ. ಹಾಗಾಗಿ ಈ ತಪ್ಪು ಯಾವಾಗಲೂ ಸರಿಯಾಗಿ ಅರ್ಧ ಆಗಿಯೇ ಕಾಣುತ್ತದೆ. ನಿಮ್ಮ ಉತ್ತರ ಅರ್ಧ ಬಂದರೆ ಮೊದಲು ಇದನ್ನೇ ನೋಡಿ.

ಎರಡನೆಯ ಎಚ್ಚರಿಕೆ ಮೆಶ್‌ನದು, ಅಂದರೆ ಲೆಕ್ಕಕ್ಕಾಗಿ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡುವ ಬಲೆಯದು. ಅದರಷ್ಟಕ್ಕೇ ಬಿಟ್ಟರೆ ದೊಡ್ಡ ದೊಡ್ಡ ತ್ರಿಕೋನ ಹಾಕುತ್ತದೆ. ಚರ್ಮ 0.28 ಮಿಮೀ ಇರುವಾಗ 2 ಮಿಮೀ ತ್ರಿಕೋನದಲ್ಲಿ ಏನೂ ಕಾಣುವುದಿಲ್ಲ. ನಾನು ಸರಳಿನ ಮೇಲ್ಮೈಯಿಂದ 1 ಮಿಮೀ ಒಳಗೆ ಇನ್ನೊಂದು ಗೆರೆ ಎಳೆದು, ಆ ಪದರಕ್ಕೆ ಮಾತ್ರ 0.1 ಮಿಮೀ ಮೆಶ್ ಕೊಟ್ಟೆ. ಆಮೇಲೆ 0.05ಕ್ಕೆ ಇಳಿಸಿ ನೋಡಿದೆ. ಉತ್ತರ ಅಲುಗಾಡಲಿಲ್ಲ. ಆಗ ನಂಬಿದೆ.

ಕೊಳವೆಗಳ ಚಿತ್ರ ದೊಡ್ಡದು ಮಾಡಿ ನೋಡಿದಾಗ ನಿಜವಾಗಿ ಬೆರಗಾಯಿತು. ಕರೆಂಟ್ ಕೊಳವೆಯ ಸುತ್ತ ಸಮವಾಗಿ ಇರಲಿಲ್ಲ. ಸರಳಿನ ಕಡೆಗೆ ಮುಖ ಮಾಡಿದ ಒಳಬದಿಯಲ್ಲಿ ಕೆಂಪು ಗೀಟಿನ ಹಾಗೆ ಒತ್ತಿಕೊಂಡಿತ್ತು. ಹೊರಬದಿ ಹೆಚ್ಚುಕಡಿಮೆ ಖಾಲಿ. ಅಂದರೆ ತಾಮ್ರದ ಒಂದು ಪಾಲು ಮಾತ್ರ ದುಡಿಯುತ್ತಿದೆ. ಕಾಯಿಲ್‌ನಲ್ಲೇ 30 ವಾಟ್ ಹೋಗುತ್ತಿತ್ತು, ಅಲ್ಯುಮಿನಿಯಂ ಸರಳಿಗೆ ಸಿಗುವುದರ ಮೂರು ಪಟ್ಟು. ನೀರು ಹರಿಸುವುದನ್ನು ಮರೆತ ದಿನ ಕೊಳವೆ ಯಾಕೆ ಅಷ್ಟು ಬೇಗ ಬಿಸಿಯಾಯಿತು ಅಂತ ಆಗ ಅರ್ಥವಾಯಿತು.

ಅದೇ ಅಳತೆಯ ಉಕ್ಕಿನ ಸರಳಿಗೆ ಫೆಮ್ 300 ವಾಟ್ ಹತ್ತಿರ ತೋರಿಸಿತು. ಉಕ್ಕಿನ ಬಿಎಚ್ ವಕ್ರರೇಖೆ (ಕ್ಷೇತ್ರ ಏರಿದಂತೆ ಉಕ್ಕು ಎಷ್ಟು ಕಾಂತವಾಗುತ್ತದೆ ಅಂತ ತೋರಿಸುವ ಗೆರೆ) ಕೊಟ್ಟರೆ ಕಾಂತಗುಣ ತುಂಬಿ ನಿಲ್ಲುವುದನ್ನೂ ಅದು ಗಮನಕ್ಕೆ ತಗೊಳ್ಳುತ್ತದೆ. ಆದರೆ ಬಿಸಿಯಾದಂತೆ ಗುಣ ಬದಲಾಗುವುದನ್ನು ನಾವೇ ಹೇಳಬೇಕು. ಫೆಮ್ ಅನ್ನು ತಾನಾಗಿ ಓಡಿಸುವ ಲುವಾ ಸ್ಕ್ರಿಪ್ಟ್ ಬರೆದು ಐದು ಮೆಟ್ಟಿಲು ಮಾಡಿದೆ: ತಣ್ಣಗೆ, 300, 600, 750, 850 ಡಿಗ್ರಿ. ಪ್ರತಿ ಮೆಟ್ಟಿಲಿಗೂ ಬೇರೆ ರೋಧಕತೆ, ಬೇರೆ ಕಾಂತಗುಣ. ಸ್ವಲ್ಪ ಕೈಗೆಲಸ. ಆದರೆ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿತು. ಕಬ್ಬಿಣ 770 ಡಿಗ್ರಿಯ ಹತ್ತಿರ ಕಾಂತಗುಣ ಕಳೆದುಕೊಳ್ಳುತ್ತದೆ, ಅದು ಕ್ಯೂರಿ ಬಿಂದು. ಅಲ್ಲಿ ದಾಟಿದಾಗ ಬೋರ್ಡ್‌ನ ಫ್ರೀಕ್ವೆನ್ಸಿ ನಾಲ್ಕೈದು ಕಿಲೋಹರ್ಟ್ಸ್ ಮೇಲಕ್ಕೆ ಹೋಗಬೇಕು ಅಂತ ಫೆಮ್ ಹೇಳಿತು. ಸರಳು ಕಾಯಿಸುತ್ತಾ ಸ್ಕೋಪ್ ನೋಡಿದೆ. ಹೋಯಿತು. ಅದೇ ಹೊತ್ತಿಗೆ ಆಚಾರ್ರು ಬೋರ್ಡ್ ಆರಿಸಲು ಹೇಳಿ ಸರಳಿಗೆ ಅಯಸ್ಕಾಂತ ತಾಗಿಸಿದರು. ಹಿಡಿಯಲಿಲ್ಲ. ಅವರು ಎಷ್ಟೋ ವರ್ಷದಿಂದ ಹೀಗೇ ಹದದ ಬಿಸಿ ನೋಡುತ್ತಿರುವುದು. ಲ್ಯಾಪ್‌ಟಾಪ್, ಸ್ಕೋಪ್, ಅಯಸ್ಕಾಂತ ಮೂರೂ ಒಂದೇ ಮಾತು ಹೇಳಿದವು.

ಎಲ್ಮರ್: ಕತ್ತಿಗೆ ಬೇಕಾದದ್ದು

ಕತ್ತಿ ದುಂಡಗಿಲ್ಲವಲ್ಲ. ಬೆನ್ನು 3 ಮಿಮೀ, ಬಾಯಿ 1 ಮಿಮೀ, ತುದಿ ಗಿಣಿಕೊಕ್ಕಿನ ಹಾಗೆ ಬಾಗಿದೆ. ಫೆಮ್‌ನಲ್ಲಿ ಇದನ್ನು ಬರೆಯಲು ಆಗುವುದಿಲ್ಲ. ಇಲ್ಲಿ ಎಲ್ಮರ್ ಬೇಕೇ ಬೇಕು.

ಎಲ್ಮರ್ ಶುರುವಾದದ್ದು 1995ರಲ್ಲಿ. ಕರೆಂಟ್ ಮಾತ್ರವಲ್ಲ, ಬಿಸಿ, ದ್ರವ, ಬಾಗುವಿಕೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ದೊಡ್ಡ ಗಾಡಿ ಅದು. ಆದರೆ ಕತ್ತಿಯ ಆಕಾರವನ್ನು ಜಿಮೆಶ್‌ನಲ್ಲಿ ಕಟ್ಟಬೇಕು, ಎಲ್ಮರ್‌ಗ್ರಿಡ್‌ನಲ್ಲಿ ಎಲ್ಮರ್‌ಗೆ ತಿಳಿಯುವ ರೂಪಕ್ಕೆ ತಿರುಗಿಸಬೇಕು, ಸಿಫ್ ಅನ್ನುವ ಕಡತವನ್ನು ಕೈಯಲ್ಲಿ ಬರೆಯಬೇಕು, ಉತ್ತರವನ್ನು ಪ್ಯಾರಾವ್ಯೂನಲ್ಲಿ ನೋಡಬೇಕು. ಫೆಮ್ ಕೈಗೆ ಹತ್ತಲು ಒಂದು ಸಂಜೆ ಸಾಕಾಗಿತ್ತು. ಎಲ್ಮರ್‌ಗೆ ಮೂರು ವಾರ ಬೇಕಾಯಿತು, ಅದೂ ದಿನಾ ರಾತ್ರಿ ಕೂತು.

ಮೊದಲು ಎರಡು ಆಯಾಮದಲ್ಲಿ ಅದೇ ಅಲ್ಯುಮಿನಿಯಂ ಸರಳು ಕೊಟ್ಟೆ. 10.5 ವಾಟ್. ಫೆಮ್ ಹೇಳಿದ್ದೇ. ಈ ಹೆಜ್ಜೆ ಬಿಟ್ಟು ನೇರ ಮೂರು ಆಯಾಮಕ್ಕೆ ಹೋಗಬೇಡಿ. ಅಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕುವುದು ಕಾಡಿನಲ್ಲಿ ಸೂಜಿ ಹುಡುಕಿದ ಹಾಗೆ. ನಾನು ಜಿಮೆಶ್‌ನಲ್ಲಿ ಮಿಲಿಮೀಟರ್‌ನಲ್ಲಿ ಬರೆದು, ಎಲ್ಮರ್‌ಗೆ ಅಳತೆ ಕುಗ್ಗಿಸಲು ಹೇಳುವುದನ್ನು ಮರೆತಿದ್ದೆ. 40 ಮೀಟರ್ ಅಗಲದ ಕಾಯಿಲ್ ಅಂತ ಅದು ತಿಳಿದುಕೊಂಡಿತು. ಎರಡು ರಾತ್ರಿ ಹೋಯಿತು. ಆಮೇಲೆ ಒಂದು ರಾತ್ರಿ ಲೆಕ್ಕ ಮುಗಿಯುವ ಮೊದಲೇ ಮಳೆಗೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ದೊಡ್ಡ ಲೆಕ್ಕ ಓಡಿಸುವವರು ಬ್ಯಾಟರಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಇನ್ನೊಂದು ನಿಜವಾದ ಅಡ್ಡಿ ಇದೆ. ತಣ್ಣಗಿನ ಉಕ್ಕಿನಲ್ಲಿ ಚರ್ಮ 0.06 ಮಿಮೀ ಆಸುಪಾಸು. ಮೂರು ಆಯಾಮದಲ್ಲಿ ಅಷ್ಟು ಸಣ್ಣ ಮೆಶ್ ಹಾಕಿದರೆ 8 ಜಿಬಿ ಲ್ಯಾಪ್‌ಟಾಪ್ ಉಸಿರು ಬಿಡುತ್ತದೆ. ಆದರೆ ಕ್ಯೂರಿ ಬಿಂದು ದಾಟಿದ ಮೇಲೆ ಕಾಂತಗುಣ ಹೋಗಿ, ರೋಧಕತೆ ಐದಾರು ಪಟ್ಟು ಏರಿ, ಚರ್ಮ 1.7 ಮಿಮೀ ಆಗುತ್ತದೆ. ನನ್ನ ಪ್ರಶ್ನೆ ಇದ್ದದ್ದೂ ಅಲ್ಲೇ. ಹಾಗಾಗಿ ಕಾದ ಕತ್ತಿಯನ್ನು ಮಾತ್ರ ಎಲ್ಮರ್‌ಗೆ ಕೊಟ್ಟೆ. 0.4 ಮಿಮೀ ಮೆಶ್ ಸಾಕಾಯಿತು. ಒಂದು ಓಟಕ್ಕೆ ಮುಕ್ಕಾಲು ಗಂಟೆ.

ಚಿತ್ರ ಬಂದಾಗ ಆಚಾರ್ರನ್ನು ಕರೆದು ತೋರಿಸಿದೆ. ಕತ್ತಿಯ ಅಡ್ಡ ಸೀಳಿನಲ್ಲಿ ಕರೆಂಟ್ ಬೆನ್ನಿನ ಕಡೆಯಿಂದ ಒಂದು ಮುಖದ ಮೇಲೆ ಇಳಿದು ಬರುತ್ತದೆ. ಬಾಯಿಯವರೆಗೆ ಹೋಗುವುದಿಲ್ಲ. ಅಂಚಿಗೆ ಎಂಟು ಹತ್ತು ಮಿಮೀ ಇರುವಾಗಲೇ ಹೆಚ್ಚಿನ ಪಾಲು ಆಚೆ ಮುಖಕ್ಕೆ ತಿರುಗಿ ವಾಪಸ್ ಹೋಗುತ್ತದೆ. ಅಂಚು ನೀಲಿಯಾಗಿ, ಕರೆಂಟಿಲ್ಲದೆ ಉಳಿದಿತ್ತು. ಕತ್ತಿ ತೆಳ್ಳಗಾದಂತೆ ಎರಡು ಮುಖದ ಕರೆಂಟ್ ಒಂದಕ್ಕೊಂದು ಎದುರು ಬಂದು ಅಳಿಸಿಹೋಗುತ್ತವೆ. ಅವರು ಬೆರಳಿಟ್ಟು ಹೇಳಿದರು: "ಇಲ್ಲೇ ಅಲ್ವಾ ನಿಂತುಬಿಡೋದು."

ಇಲ್ಲಿ ಕಾಗದಕ್ಕೆ ಸಲ್ಲಬೇಕಾದ ಮಾತು ಒಂದಿದೆ. ಆ ರಾತ್ರಿ ತೆಳು ತಗಡಿನ ಹಳೆಯ ಸೂತ್ರಕ್ಕೆ ಇದೇ ಅಂಕಿ ಹಾಕಿದೆ. 1.7 ಮಿಮೀ ಚರ್ಮ ಇರುವಾಗ 1 ಮಿಮೀ ತಗಡು, ಅಷ್ಟೇ ಅಗಲದ 3 ಮಿಮೀ ತಗಡಿಗೆ ಹೋಲಿಸಿದರೆ ಇಪ್ಪತ್ತನೇ ಒಂದು ಪಾಲು ಬಿಸಿ ಮಾತ್ರ ಹಿಡಿಯುತ್ತದೆ. ಮೂರು ವಾರದ ಎಲ್ಮರ್ ತೋರಿಸಿದ ಕಾರಣವನ್ನು ಕಾಗದ ಹತ್ತು ನಿಮಿಷದಲ್ಲಿ ಹೇಳಿತು. ಆದರೆ ಕೊಕ್ಕಿನ ಬಾಗಿನಲ್ಲಿ ಏನಾಗುತ್ತದೆ ಅಂತ ಕಾಗದ ಹೇಳಲಾರದು. ಬಾಗಿನ ಒಳಮೈಯಲ್ಲಿ ಕರೆಂಟ್ ಒತ್ತಾಗಿ, ಅಲ್ಲಿ ಒಂದು ಬಿಸಿ ಚುಕ್ಕೆ ಏಳುತ್ತದೆ. ಎರಡು ಕತ್ತಿ ಅಲ್ಲೇ ಸೀಳು ಬಿಟ್ಟಿದ್ದವು. ಅದನ್ನು ಎಲ್ಮರ್ ಮಾತ್ರ ತೋರಿಸಿತು.

ಫ್ರೀಕ್ವೆನ್ಸಿ ಏರಿಸಿದರೆ ಬಾಯಿ ಕಾಯುತ್ತದೆ ಅನ್ನಿಸಬಹುದು. 1 ಮಿಮೀ ಅಂಚಿಗೆ 2 ಮೆಗಾಹರ್ಟ್ಸ್‌ಗಿಂತ ಜಾಸ್ತಿ ಬೇಕು. ಈ ಬೋರ್ಡ್‌ನಲ್ಲಿ ಆಗದ ಮಾತು. ಉಳಿದ ದಾರಿ, ಬೆನ್ನಿನ ಬಿಸಿ ಬಾಯಿಗೆ ಹರಿಯಲು ಹೊತ್ತು ಕೊಡುವುದು. ಎಲ್ಮರ್‌ನ ಶಾಖದ ಲೆಕ್ಕ ಜೋಡಿಸಿ ನೋಡಿದೆ. ಕೆಂಪು ಹತ್ತಿದ ಮೇಲೆ ವೋಲ್ಟೇಜ್ ಇಳಿಸಿ ಇಪ್ಪತ್ತು ಸೆಕೆಂಡ್ ಹಿಡಿದರೆ ಬಾಯಿಯೂ ಬೆನ್ನಿನ ಹತ್ತಿರ ಬರುತ್ತದೆ ಅಂದಿತು. ಕುಲುಮೆಯಲ್ಲಿ ಇಪ್ಪತ್ತೈದು ಸೆಕೆಂಡ್ ಬೇಕಾಯಿತು. ಗಾಳಿಗೆ ಹೋಗುವ ಬಿಸಿಯನ್ನು ನಾನು ಕಡಿಮೆ ಹಾಕಿದ್ದೆ.

ಯಾರಿಗೆ ಯಾವುದು

ದುಂಡು ಕೆಲಸ, ಅಂದರೆ ಸರಳು, ಬೋಲ್ಟ್, ಶಾಫ್ಟ್, ಕೊಳವೆ, ಇವಿಷ್ಟೇ ಇದ್ದರೆ ಫೆಮ್ ಹಾಕಿಕೊಳ್ಳಿ, ಬೇರೆ ಏನೂ ಬೇಡ. ಪಾಠ ಹೇಳುವವರಿಗೂ ಅದನ್ನೇ ಹೇಳುತ್ತೇನೆ. ಶಿವಮೊಗ್ಗದ ಡಿಪ್ಲೊಮಾ ಹುಡುಗರಿಬ್ಬರು ನಮ್ಮ ಮನೆಗೆ ಬಂದಿದ್ದರು. ಮಧ್ಯಾಹ್ನ ಶುರು ಮಾಡಿ, ಸಂಜೆ ಕಾಫಿ ಹೊತ್ತಿಗೆ ಅವರೇ ಕಾಯಿಲ್ ಬರೆದು ಉತ್ತರ ತೆಗೆದರು. ಎಲ್ಮರ್‌ನಲ್ಲಿ ಇದು ಆಗುವ ಮಾತಲ್ಲ.

ಎಲ್ಮರ್ ಬೇಕಾಗುವುದು ಆಕಾರ ಸೊಟ್ಟ ಇದ್ದಾಗ, ಅಥವಾ ಕರೆಂಟ್ ಮತ್ತು ಬಿಸಿ ಎರಡನ್ನೂ ಹೊತ್ತಿನ ಜೊತೆ ನಡೆಸಬೇಕಾದಾಗ. ತಾಳ್ಮೆ ಇದ್ದರೆ ಅದು ಕೈ ಬಿಡುವುದಿಲ್ಲ. ಕಾಗದ ಮಾತ್ರ ಎರಡರ ಪಕ್ಕದಲ್ಲೂ ಇರಲಿ. ಫೆಮ್ 5.2 ಅಂದಾಗ ತಪ್ಪಿದೆ ಅಂತ ನನಗೆ ಧೈರ್ಯ ಕೊಟ್ಟದ್ದು ಅಳತೆಯ 10 ಮತ್ತು ಕಾಗದದ 11.

ಇಷ್ಟಾದರೂ ದೊಡ್ಡ ತಪ್ಪು ಯಾವ ಸಾಫ್ಟ್‌ವೇರ್‌ನದೂ ಅಲ್ಲ. ಅಲ್ಯುಮಿನಿಯಂನಲ್ಲಿ ಮೂರೂ ಅಳತೆಗೆ ನೂರಕ್ಕೆ ಹತ್ತರ ಒಳಗೆ ಬಂದವು. ಪಾಟಾದ ಉಕ್ಕಿನಲ್ಲಿ ಫೆಮ್ 300 ವಾಟ್ ಅಂದರೆ ನನ್ನ ಅಳತೆ 240ರಿಂದ 260. ಆ ಪಾಟಾ ಯಾವ ಲಾರಿಯದು, ಅದರ ಉಕ್ಕು ಯಾವುದು ಅಂತ ನನಗೆ ಗೊತ್ತಿಲ್ಲ. ಪುಸ್ತಕದ ಬಿಎಚ್ ರೇಖೆ ಹಾಕಿದ್ದೇನೆ ಅಷ್ಟೇ. ಈಗ ಒಂದೊಂದು ಪಾಟಾದಿಂದಲೂ ಒಂದು ಉಂಗುರ ಕತ್ತರಿಸಿ, ತಂತಿ ಸುತ್ತಿ, ಅದರ ರೇಖೆ ನಾನೇ ಅಳೆಯಲು ಶುರು ಮಾಡಿದ್ದೇನೆ. ಮೂರು ಉಂಗುರ ಆಗಿವೆ. ಆಚಾರ್ರು ನಾಲ್ಕನೆಯ ಪಾಟಾ ತಂದು ಜಗುಲಿ ಮೇಲೆ ಇಟ್ಟು ಹೋಗಿದ್ದಾರೆ. ಅದು ಮೆಟ್ಟುಗತ್ತಿಗಂತೆ.